ಕಾವು

ಬಸಿಗಾಲುವೆಯ ಉದ್ದಕ್ಕೂ ಐದು ಕಡೆ, ಐದು ಸೀಸೆ.
ಒಂದು, ತೂಬಿನ ಬಾಯಲ್ಲಿ.
ಎರಡು, ಆಲೂಗೆಡ್ಡೆ ಹೊಲದ ಕೆಳಗೆ:
ಕೆಮ್ಮಣ್ಣು ಕದಡಿ ಹುರುಳಿಕಟ್ಟಿನ ಹಾಗಿತ್ತು.
ಇದೇ ಇರಬೇಕು ಅಂದುಕೊಂಡು
ಮುಚ್ಚಳ ಇನ್ನೊಂದು ಸುತ್ತು ಬಿಗಿದೆ.

ಮೂರನೆಯದು, ಕೆಂಪಾಜಮ್ಮನ ಮಡಿಯ ಕೊನೆಗೆ,
ಅವಳು ಕೊತ್ತಂಬರಿ ಕಟ್ಟುಗಳ ಬೇರು ಅಲುಬುವಲ್ಲಿ.
"ನೋಡು ನಗೀನವ್ವ, ಎಂಟಾಣೆ ಬಿದ್ರೂ ಕಾಣ್ತದೆ.
ಇಂಥಾ ತಿಳಿನೀರಿಗೆ ಎಂಥಾ ಪರೀಕ್ಷೆ?"
ಮಜ್ಜಿಗೆ ಕೊಟ್ಟಳು. ಬೇಡ ಅನ್ನುವ ಮೊದಲೇ
ಒಂದು ಕಟ್ಟು ಸೊಪ್ಪು ನನ್ನ ಚೀಲಕ್ಕೆ ತುರುಕಿದಳು.
ನಾಲ್ಕು, ಐದು ಎಲ್ಲಿ ತುಂಬಿದೆನೋ ಚೀಟಿಯಲ್ಲಿದೆ.

ಹೊಳೆನರಸೀಪುರ ಮುಟ್ಟುವಷ್ಟರಲ್ಲಿ ಕರೆಂಟು ಹೋಗಿತ್ತು.
ಲ್ಯಾಬಿನ ಬಿಸಿಪೆಟ್ಟಿಗೆ ತಣ್ಣಗೆ ಕೂತಿತ್ತು.
ಮೈಬಿಸಿಯಷ್ಟು ಬಿಸಿ ಬೇಕು, ಒಂದು ಹಗಲು, ಒಂದು ರಾತ್ರಿ.
ಮನೆಗೆ ತಂದೆ. ಒಲೆಯ ಪಕ್ಕ ಹೆಚ್ಚಾಯಿತು,
ಕಂಬಳಿಯೊಳಗೆ ಕಡಿಮೆ.
ಅಮ್ಮಿ ನಗುತ್ತ ಮೂಲೆಯ ಮಂಕರಿ ತೋರಿಸಿದಳು:
"ಬಿಳೀ ಹೇಂಟೆ ಕಾವಿಗೆ ಕೂತಿದೆಯಲ್ಲ?"

ಎಂಟು ಮೊಟ್ಟೆಯ ನಡುವೆ ಐದು ಸೀಸೆ.
ನನ್ನ ಕೈಗೆ ಎರಡು ಸಲ ಕುಕ್ಕಿತು, ಆಮೇಲೆ
ಕೊಕ್ಕಿನಿಂದ ಒಂದೊಂದನ್ನೇ
ಹೊಟ್ಟೆಯಡಿಗೆ ಎಳೆದುಕೊಂಡಿತು.
ತನ್ನದು ಯಾವುದು, ಸರ್ಕಾರದ್ದು ಯಾವುದು,
ಕೇಳಲಿಲ್ಲ.

ರಾತ್ರಿಯಿಡೀ ಆ ರೆಕ್ಕೆಯ ಕೆಳಗೆ
ಕಣ್ಣಿಗೆ ಕಾಣದ್ದು ಒಂದು ಎರಡಾಗಿ,
ಎರಡು ನಾಲ್ಕಾಗಿ...
ಲೆಕ್ಕ ನನಗೆ ಬರುತ್ತದೆ.
ಎದ್ದು ಕೂತು ಕಿವಿಗೊಟ್ಟೆ.
ಕೋಳಿಯ ಉಸಿರು ಬಿಟ್ಟರೆ ಏನೂ ಇಲ್ಲ.

ಮರುದಿನ ಸಂಜೆ ಕೈ ಹಾಕಿ ತೆಗೆದೆ.
ಕೆಮ್ಮಣ್ಣಿನ ಸೀಸೆ ಹೇಗಿತ್ತೋ ಹಾಗೇ.
ಮೂರನೆಯದು
ಕಾಡಿಗೆ.

ಫೋನು ಮಾಡಿದೆ. ಅದರಲ್ಲಿ ಸೊಪ್ಪು ತೊಳೀಬೇಡಿ,
ಬೋರಿನ ನೀರು ಹಿಡಿದಿಟ್ಟುಕೊಳ್ಳಿ ಅಂದೆ.
ಆ ಕಡೆ ಕೊಡ ಇಳಿಸಿದ ಸದ್ದು.
"ಮೇಲ್ಗಡೆ ಚೆಲುವಯ್ಯನೋರ್ದು ಹನ್ನೆರಡು ಹಸು,
ಕೊಟ್ಟಿಗೆ ತೊಳೆದು ಬಿಟ್ಟದ್ದೆಲ್ಲ ನಮಗೇ ಇಳೀತದೆ.
ಅವರಿಗೂ ಒಂದ್ಮಾತು ಹೇಳು.
ಅವರು ಅವರ ಮೇಲಿನೋರನ್ನ ತೋರಿಸ್ತಾರೆ, ಬಿಡು."
ಸ್ವಲ್ಪ ತಡೆದು,
"ನೀನು ಆ ಸೊಪ್ಪು ತಿಂದ್ಯಾ?"

ಇಲ್ಲ ಅಂದೆ. ಬೆಳಿಗ್ಗೆಯೇ ಚಟ್ನಿಯಾಗಿತ್ತು, ಅರ್ಧ ಕಟ್ಟು.

ಉಳಿದದ್ದನ್ನು ಉಪ್ಪುನೀರಲ್ಲಿ ಮೂರು ಸಲ ಅದ್ದಿದೆ.
ಮಂಕರಿಯಲ್ಲಿ ಹೇಂಟೆ ಎದ್ದು ಎದ್ದು ಹುಡುಕುತ್ತಿತ್ತು,
ಕಡಿಮೆ ಬಿದ್ದ ಐದನ್ನು.
ಬೋಗುಣಿ ಹಿಡಿದು ಹಿತ್ತಲಿಗೆ ಬಂದೆ.
ನಮ್ಮ ಮೋರಿ ಬೀದಿ ದಾಟಿ, ಮಸೀದಿಯ ಹಿಂದೆ ತಿರುಗಿ,
ಕೆಳಗಿನ ಗದ್ದೆಗೆ ಇಳಿಯುತ್ತದೆ.
ಅಲ್ಲಿ ಯಾರೋ ಈಗಷ್ಟೇ
ಮೂಲಂಗಿ ಕೀಳುತ್ತಿದ್ದರು.
ಬೋಗುಣಿ ಇನ್ನೂ ನನ್ನ ಕೈಯಲ್ಲೇ ಇತ್ತು.