ಷರಾ

ಕುತಾಯಿಸಿಯ ಕಾಲೇಜಿನಲ್ಲಿ ನಾನು ಬೆರಳಚ್ಚಿನವಳು.
ತತ್ತ್ವಶಾಸ್ತ್ರ ನನಗೆ ಬಂದದ್ದು ಬೆರಳ ತುದಿಯಿಂದ,
ಅಲ್ಲಿಂದ ಮೇಲಕ್ಕೆ ಏರಿದ್ದು ಕಡಿಮೆ.
ಇವತ್ತು ಲಮಾರಾ ಗ್ವೆಲೆಸಿಯಾನಿಯ ಸೇವಾಪುಸ್ತಕ ಮುಚ್ಚಬೇಕು.
ಪಿಂಚಣಿ ಕಚೇರಿಯವರು
ಮೂರು ಸಲ ಫೋನು ಮಾಡಿದ್ದಾರೆ.

ಸೇರಿದ್ದು ಅರವತ್ತೆಂಟು. ಹುದ್ದೆ, ಸಹಾಯಕಿ.
ವಿಷಯ, ವೈಜ್ಞಾನಿಕ ನಾಸ್ತಿಕತೆ.
ಬಾಗಿಲಿಗೆ ಹಿತ್ತಾಳೆ ಫಲಕ, ನಾಲ್ಕು ತಿರುಪು.
ತೊಂಬತ್ತೆರಡರಲ್ಲಿ ಅದನ್ನು ಕಿತ್ತು
ಆ ನಾಲ್ಕೇ ತಿರುಪುಗಳಲ್ಲಿ
‘ಧರ್ಮಗಳ ಇತಿಹಾಸ’ ಅಂತ ತಗಡು ಕೂರಿಸಿದರು.
ಒಳಗೆ ಕುರ್ಚಿ ಬದಲಾಗಲಿಲ್ಲ, ಕಂದು ಕೋಟೂ.
ದೇವರು ಹೋಗಿದ್ದಾಗಲೂ, ವಾಪಸು ಬಂದಾಗಲೂ
ಆಕೆ ಸೀಮೆಸುಣ್ಣ ಮುರಿದು
ಅರ್ಧ ಜೇಬಿಗೆ ಹಾಕಿಕೊಂಡದ್ದು ನೋಡಿದ್ದೇನೆ.

ಎಪ್ಪತ್ತನಾಲ್ಕಕ್ಕೆ ಬಂದರೆ ಕೈ ನಿಧಾನ.
ಪ್ರಬಂಧ ಸಂಶಯದ ಬಗ್ಗೆ, ಇನ್ನೂರ ಹತ್ತು ಪುಟ.
ಸಮಿತಿ ತಿರುಗಿ ಕಳಿಸಿತು:
ಕೃತಿ ಉತ್ತಮ, ‘ಬಹುಶಃ’ ಹೆಚ್ಚು.
ಎಣಿಸಿದ್ದರು ಪುಣ್ಯಾತ್ಮರು, ನಲವತ್ತೆರಡು.
ತೆಗೆದರೆ ಪದವಿ.

ಮೂರು ವಾರ ಆಕೆ ಮಾತಾಡಲಿಲ್ಲ.
ಆಮೇಲೆ ಕೆಂಪು ಪೆನ್ಸಿಲಿನಲ್ಲಿ ಒಂದೊಂದನ್ನೂ ಹೊಡೆದು
ಕಟ್ಟು ನನ್ನ ಮೇಜಿನ ಮೇಲಿಟ್ಟು
‘ಮಗಳಿಗೆ ಶೂ ಬೇಕು, ನಾನೂಲಿ’ ಎಂದಳು.
ನಾನೇನೂ ಕೇಳಿರಲಿಲ್ಲ.

ಐದು ಪ್ರತಿ, ನಡುವೆ ನಾಲ್ಕು ಕಾರ್ಬನ್ನು, ರಾತ್ರಿಯೆಲ್ಲ.
ಮನುಷ್ಯ ಬಹುಶಃ ಸ್ವತಂತ್ರ ಎಂದಿದ್ದದ್ದು
ಮನುಷ್ಯ ಸ್ವತಂತ್ರ ಆಯಿತು.
ಸಾವು ಬಹುಶಃ ಕೊನೆ ಎಂದಿದ್ದದ್ದು
ಕೊನೆಯೇ ಆಗಿಹೋಯಿತು.
ಒಂದು ಪದ ಬಿಟ್ಟರೆ ಬೆರಳಿಗೆ ಎಷ್ಟು ಹಗುರ!
ನೂರ ಹದಿನೇಳನೆಯ ಪುಟದಲ್ಲಿ ನಿದ್ದೆಯೋ,
ಗಡಿಗೆ ಹೋಗಿ ಕಾಗದ ಬರೆಯದ ಒಬ್ಬ ಹುಡುಗನ ನೆನಪೋ,
‘ನಾಳೆ ಬಹುಶಃ ನಮ್ಮದೇ’
ಅಂತ ಇದ್ದದ್ದನ್ನು
ಇದ್ದ ಹಾಗೇ ಕುಟ್ಟಿಬಿಟ್ಟೆ.

ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಸಿಕ್ಕಿತು ಅವರಿಗೆ.
ನಾಳೆಯ ಬಗ್ಗೆಯೇ ಅನುಮಾನವೆ?
ನಾನು ಬಾಗಿಲ ಪಕ್ಕ ಕೂತು ನಡಾವಳಿ ಬರೆಯುತ್ತಿದ್ದೆ.
ಮುಖ್ಯಸ್ಥ ಶಾಲ್ವಾ ಕೆಟ್ಟವನಲ್ಲ, ದಾರಿ ತೋರಿಸಿದ:
‘ಟೈಪಿನವಳ ತಪ್ಪಿರಬೇಕಲ್ಲ?’
ಲಮಾರಾ ನನ್ನ ಕಡೆ ನೋಡಲಿಲ್ಲ.
ನೋಡದಿರಲು ಕುತ್ತಿಗೆಯನ್ನು ಹಿಡಿದ ಬಿಗಿಗೆ
ನರ ಎದ್ದು ಕಂಡಿತು.
‘ಅದು ನನ್ನದೇ’ ಎಂದಳು.
ಆ ಎರಡು ಪದವನ್ನೂ ನಾನು ನಡಾವಳಿಯಲ್ಲಿ ಬರೆದುಕೊಂಡೆ.
ಕೈ ನಡುಗಿತು ಅಂದರೆ ಸುಳ್ಳಾದೀತು.

ಮುಂದಿನ ಹತ್ತೊಂಬತ್ತು ವರ್ಷ
ಬಡ್ತಿಯ ಕಾಲಮ್ಮಿನಲ್ಲಿ ಗೆರೆ ಎಳೆದವಳು ನಾನು,
ಸ್ಕೇಲಿಟ್ಟು, ನೇರವಾಗಿ.

ಕರೆಂಟಿಲ್ಲದ ಚಳಿಗಾಲಗಳಲ್ಲಿ
ಹುಡುಗರು ತಲೆಗೊಂದು ಸೌದೆ ತರಬೇಕಿತ್ತು ತರಗತಿಗೆ.
ಅವಳೂ ತರುತ್ತಿದ್ದಳು, ಕುರ್ಚಿಯ ಕಾಲು ಒಮ್ಮೆ.
ಸಂಬಳ ಬಾರದ ತಿಂಗಳು ರಿಯೋನಿ ನದಿಯ ಸೇತುವೆ ಬಳಿ
ಸೂರ್ಯಕಾಂತಿ ಬೀಜ ಮಾರಲು ಕೂತಿದ್ದಳು, ಲೋಟದ ಲೆಕ್ಕ.
ವಿದ್ಯಾರ್ಥಿ ಬಂದರೆ ಮುಖ ಮರೆಸುತ್ತಿರಲಿಲ್ಲ;
ಬಿಟ್ಟಿಯೂ ಕೊಡುತ್ತಿರಲಿಲ್ಲ.
ನಾನು ಮಾತ್ರ ಬಳಸುದಾರಿ ಹಿಡಿದು ಮನೆಗೆ ಹೋಗುತ್ತಿದ್ದೆ.

ನಿನ್ನೆ ಸಹಿ ಹಾಕಲು ಬಂದಿದ್ದಳು.
ಮೂವತ್ತೆರಡು ವರ್ಷ ಗಂಟಲಲ್ಲಿದ್ದದ್ದನ್ನು ಹೇಳಿದೆ,
ನೂರ ಹದಿನೇಳು, ನಿದ್ದೆ, ಆ ಹುಡುಗ.
ಕನ್ನಡಕ ಮೂಗಿಗೆ ಏರಿಸಿ
‘ಯಾವ ಪುಟ?’ ಎಂದಳು.
ಸ್ವಲ್ಪ ಹೊತ್ತು ಬಿಟ್ಟು,
ಸೌದೆ ಹೊತ್ತ ವರ್ಷಗಳೂ ಪಿಂಚಣಿಗೆ ಸೇರುತ್ತವೆಯೇ ಅಂತ ಕೇಳಿದಳು.
ಸೇರುತ್ತವೆ ಎಂದೆ.
ಬೀಗದ ಕೈಯ ಜೊತೆ
ಜೇಬಿನ ಸೀಮೆಸುಣ್ಣದ ತುಂಡುಗಳನ್ನೂ ಮೇಜಿಗೆ ಸುರಿದು,
ಕಾಲೇಜಿನ ಸೊತ್ತು, ರಶೀದಿ ಬೇಡ ಅಂದು
ಮೆಟ್ಟಿಲಿಳಿದಳು.

ಎಲ್ಲ ಕಾಲಮ್ಮೂ ತುಂಬಿದೆ. ಕೊನೆಯದು ಷರಾ,
ಅರ್ಧ ಬೆರಳಿನಷ್ಟು ಜಾಗ.
ಒಂದು ಪದ ಹಿಡಿಸಬಹುದು.
ಫೋನು, ನಾಲ್ಕನೆಯ ಸಲ.
ಬಡಿದುಕೊಳ್ಳಲಿ.