ಮೊದಲು ಬ್ರೇಕು

ಜೇಬಿನಲ್ಲಿ ಒಂದು ಲಕ್ಷದ ಹತ್ತು ಸಾವಿರ.
ಕೌಲ್‌ಬಜಾರಿನ ಜೀನ್ಸ್ ಯೂನಿಟ್ಟಿನಲ್ಲಿ
ಅರವತ್ತು ಪದರ ಡೆನಿಮ್ಮಿನೊಳಗೆ ಮಷಿನ್ನಿನ ಅಲಗು ಓಡಿಸಿ
ಮೂರು ವರ್ಷಕ್ಕೆ ಕೂಡಿದ್ದು.
ಸುಂಕಮ್ಮನಿಗೆ ಗೊತ್ತು, ಚೀಟಿಯವನಿಗೆ ಗೊತ್ತು.
ಯಾಕೆಂಬುದು ಮಾತ್ರ ಇಬ್ಬರಿಗೂ ತಿಳಿಯದು.

ಮೆಕ್ಯಾನಿಕ್ ಶೇಕ್ಷಾವಲಿ ಒಂದು ಆಯಸ್ಕಾಂತ ಕೊಟ್ಟ,
ಹಳೇ ಸ್ಪೀಕರಿನಿಂದ ಕಿತ್ತದ್ದು,
ಉದ್ದಿನವಡೆಯ ಹಾಗೆ ನಡುವೆ ತೂತು.
"ಬಾಗಿಲಿಗೆ ಹಚ್ಚು. ಹಿಡಿದರ ತಗಡು, ಜಾರಿದರ ಪುಟ್ಟಿ.
ಮಾರೋರ ಮಾತು ಕೇಳಬ್ಯಾಡ, ಇದರ ಮಾತು ಕೇಳು."

ಮೋತಿ ಸರ್ಕಲ್ಲಿನ ಬಳಿಯ ಹೋಂಡಾಕ್ಕೆ ಹಚ್ಚಿದೆ. ಜಾರಿತು.
ಗಣಿಯ ಕಾಲದಲ್ಲಿ ಯಾರೋ ಕೊಂಡು
ಕಾಲ ಮುಗಿದಾಗ ಹುಣಸೆಮರದ ಕೆಳಗೆ ಬಿಟ್ಟ ಪಾಲಿಯೋ.
ಅಬ್ಬಾ, ಅದರ ಸ್ಟೀರಿಂಗಿನ ತೂಕ!
ಮನಸ್ಸು ಒಳಗೆ ಹೋಗಿ ಕೂತೇಬಿಟ್ಟಿತು.
"ಕ್ಲಚ್ ಪ್ಲೇಟಿಗೆ ಹೈದರಾಬಾದಿಗೆ ಹೋಗ್ತಿ,
ಬಸ್ಸಿನಾಗ ಹೋಗ್ತಿ," ಅಂದ ಶೇಕ್ಷಾವಲಿ.
ಎಬ್ಬಿಸಿಕೊಂಡು ಬಂದೆ.
ಸಂಜೆಗೆ ಆಯಸ್ಕಾಂತಕ್ಕೆ ಮೀಸೆ ಬಂದಿತ್ತು.
ಈ ಊರಿನ ಗಾಳಿಯಲ್ಲೂ ಕಬ್ಬಿಣ.

ಸಿಕ್ಕಿದ್ದು ಸಿರುಗುಪ್ಪದಲ್ಲಿ. ತೊಂಬತ್ತೊಂಬತ್ತರ ಎಸ್ಟೀಮ್.
ಬಣ್ಣ ಬಿಳಿ ಎನ್ನುತ್ತದೆ ಆರ್‌ಸಿ ಪುಸ್ತಕ.
ಡ್ರಾಯಿಂಗ್ ಟೀಚರು ವಿಶಾಲಾಕ್ಷಮ್ಮ ಒಬ್ಬರೇ ಓಡಿಸಿದ್ದು.
ಬಂಪರಿನಲ್ಲಿ ಬಿರುಕು, ಮೇಲಿನ ಬಟ್ಟೆ ಜೋತು
ಕೂತವರ ತಲೆ ನೆಕ್ಕುತ್ತದೆ.
ಆದರೆ ಡ್ಯಾಶ್‌ಬೋರ್ಡಿನೊಳಗಿಂದ ಅವರು ತೆಗೆದದ್ದು
ಇನ್ನೂರು ಪುಟದ ನೋಟ್‌ಬುಕ್ಕು.
ಪ್ರತಿ ಪೆಟ್ರೋಲು, ಪ್ರತಿ ಆಯಿಲು,
ಸ್ಕೇಲಿಟ್ಟು ಎಳೆದ ಗೆರೆಗಳ ನಡುವೆ, ಪೆನ್ಸಿಲಿನಲ್ಲಿ.
ಒಂದು ಕಡೆ: ಎಡ ಹಿಂದಿನ ಚಕ್ರ ಗೊಣಗುತ್ತಿದೆ.
ಕಾರಣ ನಾನೇ. ಕಲ್ಲು ನೋಡಲಿಲ್ಲ.
ಕಾರು ನೋಡುವುದು ಬಿಟ್ಟು ಓದುತ್ತ ನಿಂತೆ.
ಆಯಸ್ಕಾಂತ ಜೇಬಿನಿಂದ ಹೊರಗೆ ಬರಲೇ ಇಲ್ಲ.
ಅರವತ್ತೆಂಟು ಸಾವಿರ. ಚೌಕಾಸಿ ಮಾಡಲಿಲ್ಲ,
ಮಾಡಿದ್ದರೆ ಅದನ್ನೂ ಬರೆದಿಡುತ್ತಿದ್ದರೋ ಏನೋ.

ಉಳಿದ ನಲವತ್ತೆರಡಕ್ಕೆ ನನ್ನ ಪಟ್ಟಿ ಸಿದ್ಧವಿತ್ತು:
ಅಲಾಯ್, ಬಯಲಿಗೆ ಬಾಯಿ ತೆರೆದ ಫಿಲ್ಟರು,
ಹೊಟ್ಟೆ ನೆಲ ಮುಟ್ಟಿಸುವ ಸ್ಪ್ರಿಂಗು, ಗುಡುಗುವ ಸೈಲೆನ್ಸರು.
ಶೇಕ್ಷಾವಲಿ ಪೂರಾ ಓದಿ
ಅದರಲ್ಲೇ ಕೈಯ ಗ್ರೀಸು ಒರೆಸಿಕೊಂಡ.
"ಫಿಲ್ಟರು ಬಿಚ್ಚಿಟ್ಟರ ತೋರಣಗಲ್ಲು ದಾಟೂದರಾಗ
ಇಂಜಿನ್ನು ಅರ್ಧ ಗುಡ್ಡ ನುಂಗಿರ್ತೈತಿ.
ಸ್ಪ್ರಿಂಗ್ ಕೊಯ್ದರ ನಮ್ಮ ರಸ್ತೆ ನಿನ್ನ ನಡ ಕೊಯ್ತೈತಿ.
ಗಾಡಿಗೆ ಮೊದಲು ನಿಲ್ಲೂದು ಕಲಸು.
ಓಡೂದು ಅದಕ್ಕ ಹುಟ್ಟುತ್ಲೇ ಬಂದೈತಿ."

ಗುಜರಿಯಲ್ಲಿ ಮುಖ ಒಡೆದುಕೊಂಡಿದ್ದ ಬಲೇನೋ ಒಂದರ
ಮುಂದಿನ ಬ್ರೇಕುಗಳು ಬಂದವು. ಹೊಸ ಬುಷ್ಷು, ಹೊಸ ಟೈರು.
ಹೆಡ್‌ಲೈಟಿಗೆ ರಿಲೇ. ಯಾರ ಕಣ್ಣಿಗೂ ಕಾಣದ ಖರ್ಚುಗಳು.
ನನ್ನ ಮುಖ ನೋಡಲಾರದೆ ಕೊನೆಗೆ ಅಲಾಯ್‌ಗೂ ಒಪ್ಪಿದ:
ಮೂರಕ್ಕೆ ಆರು ಕಡ್ಡಿ, ನಾಲ್ಕನೆಯದಕ್ಕೆ ಐದು.
"ಎರಡೂ ಮಗ್ಗಲು ಒಮ್ಮೆಲೇ ನೋಡೋ ಮಗ ಯಾವನದಾನ?"

ಸೀಟಿಗೆ ನಮ್ಮ ಯೂನಿಟ್ಟಿನ ರಿಜೆಕ್ಟ್ ಡೆನಿಮ್ಮು,
ತೊಳೆತದಲ್ಲಿ ಬಣ್ಣ ತಪ್ಪಿ ಮೋಡ ಮೋಡವಾದದ್ದು.
ಜೋಡಿ ಸೂಜಿಯ ಕಿತ್ತಳೆ ದಾರದಲ್ಲಿ ಸುಂಕಮ್ಮ ಹೊಲಿದಳು,
ಕೈಯ ರೂಢಿಗೆ ಬೆನ್ನಿನ ಮೇಲೆ ಹಿಂಜೇಬೂ ಕೂರಿಸಿದಳು.
ಹಿಂದೆ ಕೂತವರಿಗೆ ಈಗ
ಇಬ್ಬರು ಯಾರೋ ಮುಂದೆ ಬೆನ್ನು ಮಾಡಿ ನಿಂತ ಹಾಗೆ.

ಭಾನುವಾರ ನಸುಕಿಗೆ ಸಂಡೂರಿನ ದಾರಿ.
ಗುಡ್ಡದ ಮೂರನೆಯ ತಿರುವಿನಲ್ಲಿ
ಅದಿರಿನ ಲಾರಿ, ರಸ್ತೆಯ ಅಷ್ಟನ್ನೂ ಹೊದ್ದುಕೊಂಡು.
ಒತ್ತಿದೆ. ಗಾಡಿ ಅತ್ತ ಇತ್ತ ನೋಡದೆ
ಕರೆದರೆ ನಿಲ್ಲುವ ಎತ್ತಿನಂತೆ ನೇರ ನಿಂತಿತು.
ಲಾರಿ ಹೋಯಿತು. ಧೂಳು ಇಳಿಯಲು ಹೊತ್ತು ಹಿಡಿಯಿತು.
ಡ್ಯಾಶ್‌ಬೋರ್ಡಿಗೆ ಊರಿದ್ದ ಕೈ ತೆಗೆಯದೆ
ಸುಂಕಮ್ಮ ಕೇಳಿದಳು: "ಇದಕ್ಕೇನು?"
"ಇದಕ್ಕ."

ಇಳಿದು ಬಂದು, ಪೆನ್ಸಿಲು ಚೂಪು ಮಾಡಿ,
ಸ್ಕೇಲಿಲ್ಲದ್ದರಿಂದ ಅವಳ ಟೇಪಿನ ಅಂಚಿಟ್ಟು ಗೆರೆ ಎಳೆದೆ.
ಸಂಡೂರು, ಹೋಗಿ ಬಂದದ್ದು. ಲೀಟರಿಗೆ ಹದಿಮೂರು.
ಎಡ ಹಿಂದಿನ ಚಕ್ರ ಇನ್ನೂ ಗೊಣಗುತ್ತಿದೆ.