ಮೋರಿ ಹಲ್ಲುಜ್ಜೂದಿಲ್ಲ

ಕಾರವಾರದಿಂದ ಬಸ್ಸಿನಲ್ಲಿ ಬಂದ ಇಲಾಖೆಯ ಪೆಟ್ಟಿಗೆ:
ಆನೆಗೂ ಸಾಕಾಗುವ ಒಂದು ಬ್ರಶ್ಶು,
ತಿರುಗಣಿ ಇರುವ ಪ್ಲಾಸ್ಟರಿನ ದವಡೆ.
ಕೆಳಸಾಲಿನದೊಂದು ದಾರಿಯಲ್ಲೇ ಉದುರಿತ್ತು,
ಸೀಮೆಸುಣ್ಣ ಕೆತ್ತಿ ಕೂರಿಸಿದೆ.

ಬೇಲೆಕೇರಿ, ಮೂರನೇ ಇಯತ್ತೆ.
ಕಿಟಕಿಯಾಚೆ ಒಣಮೀನಿನ ಬಿಸಿಲು.
ಮೇಲಿಂದ ಕೆಳಗೆ, ಕೆಳಗಿಂದ ಮೇಲೆ,
ದೋಣಿಗೆ ಗೇರೆಣ್ಣೆ ಬಳಿಯುವ ಹಾಗೆ, ಅಂದೆ.
ಇಪ್ಪತ್ತಾರು ತೋರುಬೆರಳು
ಗಾಳಿಯನ್ನು ಉಜ್ಜಿದವು.

ನಿಹಾಲ ತಾಂಡೇಲ ಉಜ್ಜಲಿಲ್ಲ. ಎದ್ದು ನಿಂತ.
“ಅಕ್ಕೋರೆ, ಮೋರಿ ಹಲ್ಲುಜ್ಜೂದಿಲ್ಲ.”

ನಾನು ಬ್ಯಾಡಗಿ ಕಡೆಯವಳು.
ನಮ್ಮಲ್ಲಿ ಮೋರಿ ಅಂದರೆ ಬಚ್ಚಲ ನೀರು ಹೋಗುವ ದಾರಿ.
“ಮೋರಿಗೆ ಹಲ್ಲೆಲ್ಲಿಂದ ಬಂತೋ?” ಅಂದುಬಿಟ್ಟೆ.

ತರಗತಿ ಬಿದ್ದು ಬಿದ್ದು ನಕ್ಕಿತು.
ಅಷ್ಟೂ ಬಾಯಿ ಒಟ್ಟಿಗೇ ತೆರೆದವು:
ಕರಿ ಚುಕ್ಕೆ, ಕಿಂಡಿ, ಮುರುಕು,
ಬುಡ ಮಾತ್ರ ಉಳಿದ ಮುಂದಿನೆರಡು,
ಕೆಂಪಗೆ ಊದಿದ ವಸಡು.
‘ಆ’ ಅನ್ನಿಸಿ ಅನ್ನಿಸಿ ಬರೆಯಬೇಕಿದ್ದ ಫಾರ್ಮು
ಒಂದೇ ನಗೆಯಲ್ಲಿ ತುಂಬಿಹೋಯಿತು.
ನಗು ನಿಂತ ಮೇಲೂ ನಾನು ನಗಲಾಗಲಿಲ್ಲ.

ಮರುದಿನ ಪೇಪರಿನಲ್ಲಿ ಸುತ್ತಿ ತಂದ,
ಅಪ್ಪನ ಬಲೆಗೆ ಸಿಕ್ಕಿದ ಮೋರಿ ಮೀನಿನ ದವಡೆ.
ಒಣಗಿದ್ದು, ಮುಟ್ಟಿದರೆ ಕೊಯ್ಯುವಂಥದ್ದು.
ಸಾಲಿನ ಹಿಂದೆ ಸಾಲು, ಅದರ ಹಿಂದೆ ಇನ್ನೊಂದು,
ರೇಶನ್ ಅಂಗಡಿಯೆದುರು ಪಾಳಿ ಹಚ್ಚಿದ ಹಾಗೆ.
“ಒಂದು ಬಿದ್ರೆ ಹಿಂದಿಂದು ಮುಂದೆ ಬತ್ತದೆ.
ಮತ್ತೆ ನಾವ್ಯಾಕೆ ಉಜ್ಜೂದು?”

ಚಾರ್ಟಿನಲ್ಲಿ ಉತ್ತರ ಇರಲಿಲ್ಲ.
ಪ್ಲಾಸ್ಟರಿನ ದವಡೆ ಬಾಯಿಬಿಟ್ಟುಕೊಂಡು ಕೂತಿತ್ತು.

“ನಮಗೆ ಎರಡೇ ಸಲ ಕಣೋ.
ಹಾಲಿಗೊಂದು ಸಲ, ಅನ್ನಕ್ಕೊಂದು ಸಲ.
ಮೂರನೇದಕ್ಕೆ ದುಡ್ಡು ಕೊಡಬೇಕು.”

ಈ ಸಲ ಯಾರೂ ನಗಲಿಲ್ಲ.
ಪೂರ್ವಿ ಹರಿಕಂತ್ರ ಕೈ ಎತ್ತಿದಳು,
ಬಾಕಿ ಲೆಕ್ಕ ಕೇಳುವವಳ ಹಾಗೆ:
“ಆಯಿಗೆ ಮಶೇರಿ ಅದೆ. ಬ್ರಶ್ಶು ಒಂದೇ ಅದೆ.
ನಾನು, ತಮ್ಮ, ಸಣ್ಣದು.
ಮೊದಲು ಯಾರು ಉಜ್ಜಬೇಕು ಅಕ್ಕೋರೆ?”

ಪೆಟ್ಟಿಗೆ ಬೋರಲು ಹಾಕಿ ನೋಡಿದೆ.
ಆನೆಯದೊಂದೇ.

ಶನಿವಾರ ಅಂಕೋಲೆ ಪೇಟೆಯಲ್ಲಿ
ಅಂಗಡಿಯವ ಕೇಳಿದ, “ಹೋಲ್‌ಸೇಲೋ?”
ಹೌದು ಅಂದೆ. ಎರಡು ರೂಪಾಯಿ ಬಿಟ್ಟ.
ಹೆಸರು ಬರೆದರೆ ಅಳಿಸುತ್ತದೆಂದು
ಹುಡುಗರೇ ಬಲೆಯ ನೂಲು ತಂದು ಕಟ್ಟಿದರು,
ಅವರವರ ಮನೆಯ ಗಂಟು.
ನನಗೆ ಇನ್ನೂ ಒಂದೂ ಗುರುತು ಸಿಗುವುದಿಲ್ಲ,
ಅವರಿಗೆ ಕತ್ತಲಲ್ಲೂ ಸಿಗುತ್ತದೆ.
ಪೂರ್ವಿ ಮೂರು ಒಯ್ದಳು. ಆಯಿಯ ಮಶೇರಿ ಡಬ್ಬಿಯ ಬಗ್ಗೆ
ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಮೋರಿಯ ದವಡೆ ಈಗ ನಮ್ಮ ಕಪಾಟಿನಲ್ಲಿದೆ.
ಶುಕ್ರವಾರ ಕೊನೆಯ ಗಂಟೆಗೆ ನಿಹಾಲ ಅದನ್ನು ಇಳಿಸಿ
ಆನೆಯ ಬ್ರಶ್ಶಿನಿಂದ ಉಜ್ಜುತ್ತಾನೆ,
ಮೇಲಿಂದ ಕೆಳಗೆ, ಕೆಳಗಿಂದ ಮೇಲೆ.
“ಅದಕ್ಕೆ ಬೇಡ ಅಂದಿದ್ದೆಯಲ್ಲೋ?” ಅಂದರೆ
ತಲೆ ಎತ್ತದೆ ಹೇಳುತ್ತಾನೆ:
“ಸತ್ತದಲ್ಲ ಅಕ್ಕೋರೆ. ಇದಕ್ಕೂ ಇನ್ನು ಬರೂದಿಲ್ಲ.”